ಬರಪಾಸಾರಸ್: ನೆರೆನಾಡಿನ ಸಸ್ಯಾಹಾರಿ ಡೈನೋಸಾರ್



‘ನಮ್ಮ ತೊಗರ್ಸಿಯ ಹೊಲ ಅಗೆದರೆ ಡೈನೋಸಾರ್ ಮೂಳೆ ಸಿಗಬಹುದೇ?’ ಎಂಬ ಪ್ರಶ್ನೆ ತರಗತಿಯಲ್ಲಿ ಆಗಾಗ ಬರುತ್ತದೆ. ಉತ್ತರ ತಿಳಿಯಲು ಮೊದಲು ಮೂಳೆ ಸಿಕ್ಕ ಜಾಗವನ್ನು ನೋಡೋಣ.

ಮಹಾರಾಷ್ಟ್ರ–ತೆಲಂಗಾಣ ಗಡಿಯ ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ, ಪೋಚಂಪಳ್ಳಿ ಗ್ರಾಮದ ಬಳಿ, 1960ರ ಸುಮಾರಿಗೆ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಸುಮಾರು 300 ಮೂಳೆಗಳನ್ನು ಅಗೆದು ತೆಗೆದರು. ಅವು ಕನಿಷ್ಠ ಆರು ಪ್ರಾಣಿಗಳವು. ಒಂದು ತೊಡೆಮೂಳೆಯೇ ಸುಮಾರು 1.7 ಮೀಟರ್, ಅಂದರೆ ಎತ್ತರದ ಮನುಷ್ಯನಷ್ಟು ಉದ್ದ! 1975ರಲ್ಲಿ ಇದಕ್ಕೆ ‘ಬರಪಾಸಾರಸ್ ಟಾಗೋರಿ’ ಎಂದು ಹೆಸರಿಟ್ಟರು. ಬಂಗಾಳಿಯಲ್ಲಿ ‘ಬರ’ ಎಂದರೆ ದೊಡ್ಡ, ‘ಪಾ’ ಎಂದರೆ ಕಾಲು. ಉರ್ದು ಮನೆಮಾತಿನವರಿಗೆ ‘ಬಡಾ ಪಾಂವ್’ ನೆನಪಾದೀತು. ‘ಟಾಗೋರಿ’ ಎಂಬುದು ಕವಿ ರವೀಂದ್ರನಾಥ ಟಾಗೋರರ ಗೌರವಾರ್ಥ.

ಇದು ಜುರಾಸಿಕ್ ಯುಗದ ಆರಂಭದ್ದು. ಸುಮಾರು 18 ಕೋಟಿ ವರ್ಷಗಳಷ್ಟು ಹಿಂದಿನದು. ಉದ್ದ ಕತ್ತು, ಕಂಬದಂಥ ನಾಲ್ಕು ಕಾಲು, ಉದ್ದ ಬಾಲ. ತಲೆಬುರುಡೆ ಸಿಕ್ಕಿಲ್ಲ. ಆದರೆ ಸಿಕ್ಕ ಕೆಲವು ಹಲ್ಲುಗಳು ಚಮಚದಾಕಾರದವು, ಅಂಚಿನಲ್ಲಿ ಗರಗಸದಂಥ ಕಚ್ಚುಗಳಿವೆ. ಮಾಂಸ ಸೀಳಲು ಇಂಥ ಹಲ್ಲು ಸಾಲದು. ಎಲೆ ಕೀಳಲು ಸರಿ. ಹೀಗೆ ಹಲ್ಲೇ ಆಹಾರದ ಸಾಕ್ಷಿ.

ಅದು ಏನು ತಿನ್ನುತ್ತಿತ್ತು? ಹುಲ್ಲಲ್ಲ. ಆಗ ಹುಲ್ಲೇ ಇರಲಿಲ್ಲ. ಹುಲ್ಲಿನ ಕುಟುಂಬದ ಭತ್ತ, ಮೆಕ್ಕೆಜೋಳಗಳೂ ಇರಲಿಲ್ಲ. ಇದ್ದದ್ದು ಜರೀಗಿಡ, ಸೈಕಾಸ್ ಬಳಗದ ಗಿಡ, ಶಂಕುಧಾರಿ ಮರಗಳು. ಭಾರತವು ಆಗ ಆಫ್ರಿಕಾ, ಅಂಟಾರ್ಕ್ಟಿಕಾಗಳೊಡನೆ ಗೊಂಡ್ವಾನಾ ಎಂಬ ಒಂದೇ ಭೂಖಂಡದ ಭಾಗವಾಗಿತ್ತು. ಕಣಿವೆಯಲ್ಲಿ ನದಿ, ಕೆರೆಗಳಿದ್ದವು; ಅವುಗಳ ಮೀನುಗಳೂ ಕಲ್ಲಿನಲ್ಲಿ ಉಳಿದಿವೆ. ಮೂಳೆಗಳ ಜೊತೆ ದೊಡ್ಡ ಮರದ ಕಾಂಡಗಳೂ ಸಿಕ್ಕಿರುವುದರಿಂದ, ಪ್ರವಾಹ ಎಲ್ಲವನ್ನೂ ಒಟ್ಟಿಗೆ ತಂದು ಹಾಕಿರಬೇಕೆಂದು ಊಹಿಸಲಾಗಿದೆ. ಮೇಲೆ ಮರಳು, ಹೂಳು ಮುಚ್ಚಿ ಗಟ್ಟಿಯಾಗಿ ಜಲಜಶಿಲೆಯಾಯಿತು, ಮೂಳೆ ಪಳೆಯುಳಿಕೆಯಾಯಿತು.

ಈಗ ನಮ್ಮ ಪ್ರಶ್ನೆಗೆ ಬರೋಣ. ಶಿಕಾರಿಪುರ, ಸೊರಬದ ಕಡೆಯ ತಳದ ಬಂಡೆಗಳು ಧಾರವಾಡ ಶಿಲಾವರ್ಗದವು, 250 ಕೋಟಿ ವರ್ಷಕ್ಕೂ ಹಳೆಯವು. ಅವು ರೂಪುಗೊಂಡಾಗ ಭೂಮಿಯಲ್ಲಿ ಇದ್ದದ್ದು ಸೂಕ್ಷ್ಮಜೀವಿಗಳು ಮಾತ್ರ. ಆದ್ದರಿಂದ ಆ ಬಂಡೆಯಲ್ಲಿ ಡೈನೋಸಾರ್ ಮೂಳೆ ಇರಲಾರದು. ಹಾಗೆಂದು ಇಲ್ಲಿ ಡೈನೋಸಾರ್ ನಡೆದಾಡಲಿಲ್ಲ ಎಂದು ಹೇಳುವಂತಿಲ್ಲ. ಹೆಜ್ಜೆಯನ್ನು ಉಳಿಸಿಕೊಳ್ಳುವ ಆ ಕಾಲದ ಪದರ ನಮ್ಮಲ್ಲಿಲ್ಲ, ಅಷ್ಟೇ.

ನೆನಪಿಡಿ: ಸಾಕ್ಷಿ ಸಿಗದಿರುವುದು ಬೇರೆ, ಘಟನೆ ನಡೆಯದಿರುವುದು ಬೇರೆ. ಕೋಲ್ಕತ್ತಕ್ಕೆ ಹೋದಾಗ ಆ ಸಂಸ್ಥೆಯ ಭೂವಿಜ್ಞಾನ ಸಂಗ್ರಹಾಲಯದಲ್ಲಿ ಬರಪಾಸಾರಸ್‌ನ ಅಸ್ಥಿಪಂಜರವಿದೆ, ನೋಡಿ ಬನ್ನಿ. ಅಲ್ಲಿಯವರೆಗೆ ಕಾಲ ಕೆಳಗಿನ ಕಲ್ಲನ್ನು ಕೈಗೆತ್ತಿಕೊಂಡು ಕೇಳಿ: ನಿನ್ನ ವಯಸ್ಸೆಷ್ಟು?