ಹಲ್ಲು ಯಾವತ್ತು ಸಿಗುತ್ತೆ, ಡಾಕ್ಟ್ರೇ?

ಬೆಂಗಳೂರಿನ ಪುಟ್ಟೇನಹಳ್ಳಿ ಕೆರೆ ಸುತ್ತ ಬೆಳಗಿನ ವಾಕಿಂಗ್ ಮುಗಿಸಿ ಹಾಗೇ ಕ್ಲಿನಿಕ್ಕಿಗೆ ಬರುವ ನಿವೃತ್ತರೇ ನನ್ನಲ್ಲಿ ಇಂಪ್ಲಾಂಟ್ ಹಾಕಿಸಿಕೊಳ್ಳುವವರಲ್ಲಿ ಹೆಚ್ಚು. ಕುರ್ಚಿಗೆ ಒರಗುವ ಮೊದಲೇ ಮೇಲಿನ ಪ್ರಶ್ನೆ ಬಂದಿರುತ್ತದೆ. ಅವರಿಗೆ ಹೇಳುತ್ತ ಹೇಳುತ್ತ ನಾನೂ ಕಲಿತದ್ದು ಇದು.

1. ಮೊದಲ ದಿನ ಕೂರುವುದು ಹಲ್ಲಲ್ಲ, ತಿರುಪು. ಸುಮಾರು 4 ಮಿ.ಮೀ. ದಪ್ಪ, 10 ಮಿ.ಮೀ. ಉದ್ದದ ಟೈಟಾನಿಯಂ. ಮೂಳೆ ಅದನ್ನು ಹಿಡಿದುಕೊಳ್ಳಬೇಕು. ಸ್ವೀಡನ್ನಿನ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯೊಳಗೆ ಇಟ್ಟಿದ್ದ ಟೈಟಾನಿಯಂ ಉಪಕರಣವನ್ನು ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ, ಅದು ಬರಲೇ ಇಲ್ಲ. ನಮ್ಮ ಕಸುಬು ಹುಟ್ಟಿದ್ದೇ ಆ ಹಟದಿಂದ. 1965ರಲ್ಲಿ ಮೊದಲ ಸಲ ಮನುಷ್ಯನಿಗೆ ಹಾಕಿದರು. ಈ ಬೆಸುಗೆಗೆ ಕೆಳದವಡೆಯಲ್ಲಿ ಮೂರು ತಿಂಗಳು, ಮೂಳೆ ಮೆತ್ತಗಿರುವ ಮೇಲ್ದವಡೆಯಲ್ಲಿ ಆರರವರೆಗೂ ಬೇಕಾಗಬಹುದು. ಅದೇ ದಿನ ಹಲ್ಲು ಕೂರಿಸುವುದೂ ಉಂಟು. ಆದರೆ ಮುಂದಿನ ಹಲ್ಲಾದರೆ ಅದು ನಗುವುದಕ್ಕೆ, ಚಕ್ಕುಲಿಗಲ್ಲ.

2. "ಏನು ಮಾತ್ರೆ ತಗೋತೀರಿ?" ಅಂತ ಕೇಳಿದರೆ ಸಾಲದು. ಇದು ನನ್ನದೇ ತಪ್ಪಿನಿಂದ ಕಲಿತದ್ದು. ಒಬ್ಬ ಅಜ್ಜಿ ಬಿಪಿ, ಥೈರಾಯ್ಡ್ ಎಂದು ನೀಟಾಗಿ ಪಟ್ಟಿ ಒಪ್ಪಿಸಿದರು. ಸರ್ಜರಿ ದಿನ ಜೊತೆಗೆ ಬಂದ ಮಗಳು, "ಅಮ್ಮನಿಗೆ ಮೂಳೆ ಸವೆತಕ್ಕೆ ವರ್ಷಕ್ಕೊಂದು ಇಂಜೆಕ್ಷನ್ ಹಾಕಿಸ್ತೀವಲ್ಲ" ಎಂದಳು. ಅಜ್ಜಿಯ ಲೆಕ್ಕದಲ್ಲಿ ಇಂಜೆಕ್ಷನ್ ಮಾತ್ರೆಯಲ್ಲ! ಜೋಲೆಡ್ರೋನಿಕ್ ಆಸಿಡ್‌ನಂಥ ಔಷಧಿ ತೆಗೆದುಕೊಂಡವರಲ್ಲಿ ದವಡೆ ಕೊರೆದರೆ, ಅಪರೂಪಕ್ಕಾದರೂ, ಗಾಯ ಮಾಯದೆ ಮೂಳೆ ಸಾಯಬಹುದು. ಕೈಗೆ ಹಾಕಿದ್ದ ಗ್ಲೌಸ್ ಬಿಚ್ಚಿಟ್ಟೆ. ಈಗ ಹಳೆಯ ಚೀಟಿಗಳನ್ನೆಲ್ಲ ತರಿಸುತ್ತೇನೆ. ಸಕ್ಕರೆ ಕಾಯಿಲೆಯವರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಿಪೋರ್ಟ್ ತರಬೇಕು. 8 ದಾಟಿದ್ದರೆ ನಾನು ಮುಟ್ಟುವುದಿಲ್ಲ.

3. ಸ್ಕ್ಯಾನ್ ಬೇಡ ಎನ್ನಬೇಡಿ. ಕೆಳದವಡೆಯೊಳಗೆ ತುಟಿಗೆ ಹೋಗುವ ನರವಿದೆ, ಅದರಿಂದ 2 ಮಿ.ಮೀ. ದೂರ ಉಳಿಯಬೇಕು. ಸಿಬಿಸಿಟಿ ಎಂಬ ಈ ಸ್ಕ್ಯಾನ್ ಇಲ್ಲದೆ ಆ ದೂರ ಅಂದಾಜಷ್ಟೇ. ಮರಗಟ್ಟುವ ಇಂಜೆಕ್ಷನ್ನಿನ ಪರಿಣಾಮ ಇಳಿಯಬೇಕಾದ ಹೊತ್ತು ಕಳೆದ ಮೇಲೂ ತುಟಿ ಮರಗಟ್ಟಿಯೇ ಇದ್ದರೆ ಅವತ್ತೇ ಫೋನ್ ಮಾಡಿ.

4. ಹೆದರುವಷ್ಟು ನೋವಿಲ್ಲ. ಹಲ್ಲು ಕೀಳಿಸಿದ್ದಕ್ಕಿಂತ ಇದೇ ಸಲೀಸು ಎಂದವರೇ ಜಾಸ್ತಿ. ಬಾಯಿ ತುಂಬ ನೀರು ಬರುತ್ತದೆ, ಅದು ಡ್ರಿಲ್ ತಣ್ಣಗಿಡಲು. 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ತಗುಲಿದರೂ ಮೂಳೆ ಕೆಡುತ್ತದೆ. ಊತ ಹೆಚ್ಚುವುದು ಎರಡನೇ ಮೂರನೇ ದಿನ, ಗಾಬರಿ ಬೇಡ. ಮೊದಲ ದಿನ ತಣ್ಣನೆಯ ಮೊಸರನ್ನ. ಆಮೇಲೆ, ಬಿಸಿ ಆರಿದ ಮುದ್ದೆ: ಅಗಿಯದೆ ನುಂಗುವ ಊಟವನ್ನು ನಮ್ಮ ಹಿರಿಯರು ದಂತವೈದ್ಯರಿಗೆಂದೇ ಕಂಡುಹಿಡಿದರೇನೋ. ಹೊಗೆಸೊಪ್ಪು, ಸಿಗರೇಟು ಬಿಡದವರಿಗೆ ನಾನು ಹಾಕುವುದಿಲ್ಲ, ಎಷ್ಟೇ ಜಗಳವಾಡಿದರೂ.

5. ಇಂಪ್ಲಾಂಟ್‌ಗೆ ಹುಳುಕು ಹಿಡಿಯದು, ಸುತ್ತಲ ವಸಡಿಗೆ ರೋಗ ಹಿಡಿಯಬಹುದು. ಸಹಜ ಹಲ್ಲಿನ ಬೇರಿಗೆ ಸುತ್ತ ನಾರಿನ ಹಾಸಿಗೆಯಿದೆ, ಅನ್ನದಲ್ಲಿ ಕಲ್ಲು ಸಿಕ್ಕ ಕೂಡಲೇ ಎಚ್ಚರಿಸುತ್ತದೆ. ತಿರುಪಿಗೆ ಅದಿಲ್ಲ. ಸುತ್ತಲ ಮೂಳೆ ಕರಗುತ್ತಿದ್ದರೂ ಎಷ್ಟೋ ಸಲ ನೋವಾಗುವುದಿಲ್ಲ. ಸಂದಿಗೆ ಹಾಕುವ ಪುಟ್ಟ ಬ್ರಷ್ ದಿನವೂ ಬೇಕು, ಆರು ತಿಂಗಳಿಗೊಮ್ಮೆ ತಪಾಸಣೆ.

6. ಮೊದಲೇ ಲೆಕ್ಕ ಬರೆಸಿಕೊಳ್ಳಿ: ಹೇಳಿದ ದರದಲ್ಲಿ ಮೇಲಿನ ಕ್ಯಾಪ್ ಸೇರಿದೆಯೇ, ಮೂಳೆ ತುಂಬಬೇಕಾದರೆ ಎಷ್ಟು? ಕೈಗೆ ಎಟುಕದಿದ್ದರೆ ಕೋಟೆಯ ಸರ್ಕಾರಿ ದಂತ ಕಾಲೇಜಿನಲ್ಲಿ ವಿಚಾರಿಸಿ. ಓಡಾಟ ಜಾಸ್ತಿ, ಖರ್ಚು ಕಡಿಮೆ. ಇನ್ನೊಂದು, ಇಂಪ್ಲಾಂಟ್ ಡಬ್ಬಿಯ ಮೇಲೆ ಕಂಪನಿ, ಅಳತೆ, ಲಾಟ್ ನಂಬರಿನ ಸ್ಟಿಕರ್ ಇರುತ್ತದೆ, ಕೇಳಿ ಪಡೆಯಿರಿ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದಾಗ ಸ್ಕ್ರೂ ಸಡಿಲವಾದರೆ ಅಲ್ಲಿನ ಡಾಕ್ಟರು ಮೊದಲು ಕೇಳುವುದು ಕಂಪನಿಯ ಹೆಸರು. ಒಬ್ಬರ ತಿರುಪಿಗೆ ಇನ್ನೊಬ್ಬರ ಸ್ಕ್ರೂಡ್ರೈವರ್ ಎಷ್ಟೋ ಸಲ ಕೂರುವುದಿಲ್ಲ. ಆ ಸ್ಟಿಕರನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ.