ಲೋಳೆ ತಿನ್ನುವ ಜೀರುಂಡೆ

ಕಾಮರ್ಸ್ ಓದುವವನಿಗೆ ಕೀಟಗಳ ಉಸಾಬರಿ ಯಾಕೆ ಅಂತ ನಗಬೇಡಿ. ಲೆಕ್ಕ ಕಾಡಿನಲ್ಲೂ ಇದೆ.

ಕಾಡಿನಲ್ಲಿ ಬಿದ್ದು ಕೊಳೆತ ದಿಮ್ಮಿಯ ಮೇಲೆ, ತೇವವಿದ್ದಾಗ, ಹಳದಿಯೋ ಬಿಳಿಯೋ ಲೋಳೆ ಹರಡಿರುತ್ತದೆ. ಇದೇ ಲೋಳೆ ಬೂಷ್ಟು. ಹೈಸ್ಕೂಲಿನಲ್ಲಿ ಓದಿದ ಶಿಲೀಂಧ್ರವೇ ಇರಬೇಕು ಅಂದುಕೊಂಡಿದ್ದೆ. ಅಲ್ಲ, ಇದು ಅಮೀಬಾದ ಬಳಗ. ಬ್ಯಾಕ್ಟೀರಿಯಾ ತಿನ್ನುತ್ತ ನಿಧಾನವಾಗಿ ತೆವಳುತ್ತದೆ. ಆಮೇಲೆ ಪುಡಿ ತುಂಬಿದ ಬೀಜಕಕೋಶಗಳಾಗಿ ನಿಲ್ಲುತ್ತದೆ.

ಇದನ್ನು ಉಂಡು ಬದುಕುವ ಜೀರುಂಡೆಗಳಲ್ಲಿ ಅಗಾಥಿಡಿಯಮ್ ಮುಖ್ಯ. ಉದ್ದ ಕೆಲವೇ ಮಿಲಿಮೀಟರು. ಮರಿಹುಳುವಿಗೂ ಅದೇ ಊಟ. ಹೆದರಿದರೆ ಹಲವು ಜಾತಿಗಳು ಮೈ ಮುದುರಿ ಉಂಡೆಯಾಗಿಬಿಡುತ್ತವೆ. ಲೋಳೆ ಬೂಷ್ಟಿಗೆ ಇವು ತಿಂದದ್ದು ಖರ್ಚು. ಮೈಗಂಟಿದ ಬೀಜಕಗಳು ಇನ್ನೊಂದು ದಿಮ್ಮಿಗೆ ತಲುಪಿದರೆ ಅದು ಜಮೆ.

2005ರಲ್ಲಿ ವೀಲರ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು ಇಂಥ 65 ಹೊಸ ಜಾತಿಗಳಿಗೆ ಹೆಸರಿಟ್ಟರು. ಒಂದಕ್ಕೆ ಆಗಿನ ಅಮೆರಿಕದ ಅಧ್ಯಕ್ಷ ಬುಷ್ ಅವರ ಹೆಸರು!

ಹೆಸರೇನೋ ಸಿಕ್ಕಿತು, ಮನೆ? ಬಿದ್ದ ಮರವೆಲ್ಲ ವೇಸ್ಟು ಅಂತ ಸಾಗಿಸಿಬಿಟ್ಟರೆ ಲೋಳೆಯೂ ಇಲ್ಲ, ಜೀರುಂಡೆಯೂ ಇಲ್ಲ. ನಮ್ಮ ಖಾತೆಯಲ್ಲಿ ನಷ್ಟವೆಂದು ಬರೆದದ್ದು ಕಾಡಿನ ಖಾತೆಯಲ್ಲಿ ಆಸ್ತಿ. ಮಳೆಗಾಲದ ಪಿಕ್‌ನಿಕ್ಕಿನಲ್ಲಿ ಕೊಳೆತ ದಿಮ್ಮಿಯನ್ನು ಒದೆಯುವ ಮುಂಚೆ ಒಮ್ಮೆ ಬಗ್ಗಿ ನೋಡಿ.