ಉಸಿರು ಕತ್ತರಿಸಬ್ಯಾಡ, ತಮ್ಮಾ

ತಮ್ಮಾ, ಇಷ್ಟು ವರ್ಷ ಪುಣೆದಾಗ ಮಂದಿ ಹಾಡಿಗೆ ವಿಡಿಯೋ ಮಾಡಿ, ನಿನ್ನ ಹಾಡು ಮೂಲ್ಯಾಗ ಇಟ್ಟಿದ್ದಿ. ಈಗ ಉಮರ್ಗಾಕ್ಕ ಬಂದು ಹೊಸಾ ಪದ ಕಟ್ಟಲಿಕ್ಕ ಹತ್ತೀದಿ ಅಂತ ಕೇಳಿ ಖುಷಿ ಆಯ್ತು. ಚಿತ್ರಾನೂ ನೀನೇ ತೆಗೀತೀ ಅಂತಲ್ಲ, ಅಲ್ಲೇ ನನಗ ಸಣ್ಣ ಹೆದರಿಕಿ. ಕ್ಯಾಮೆರಾ ತಿಳಿದವನಿಗೆ ಹಾಡಿನ ಕೊರತಿ ಮುಚ್ಚೋದು ಭಾಳ ಹಗೂರ. ದನಿ ನಡುಗಿದಲ್ಲಿ ಉದಗೀರ ಕ್ವಾಟಿ ಮ್ಯಾಲ ಡ್ರೋನ್ ಹಾರಿಸಿದರ ಮುಗೀತು, ಯಾರಿಗೂ ಗೊತ್ತಾಗಂಗಿಲ್ಲ.

ಕೊರತಿ ಮುಚ್ಚದ ಅದನ್ನೇ ಹಾಡು ಮಾಡಿಕೊಂಡ ಗವಾಯಿ ಕುಮಾರ ಗಂಧರ್ವರ ಸುದ್ದಿ ನಿನಗ ಗೊತ್ತದ, ಖರೆ. ಆದರೂ ಇನ್ನೊಮ್ಮೆ ಕೇಳು. 1924ರಾಗ ಬೆಳಗಾವಿ ಸನೇದ ಸುಳೇಭಾವ್ಯಾಗ ಹುಟ್ಟಿದವರು, ಸಿದ್ಧರಾಮಯ್ಯನವರ ಮಗ, ಹುಟ್ಟು ಹೆಸರು ಶಿವಪುತ್ರ, ನಮ್ಮಂಗ ಕನ್ನಡ ಮನಿಯವರು. ಹುಡುಗ ಇದ್ದಾಗ ದೊಡ್ಡ ಉಸ್ತಾದರ ಗ್ರಾಮೊಫೋನ್ ಪ್ಲೇಟ್ ಕೇಳಿ ಹಂಗಂಗೇ ಹಾಡಿ ಸಭಾ ದಂಗುಬಡಿಸಿದವರು. ಹರೇದಾಗ ಕ್ಷಯ ಬಂತು. 1948ರಾಗ ಮುಂಬೈ ಬಿಟ್ಟು, ಒಣ ಹವಾ ಅಂತ ಮಾಳವಾದ ದೇವಾಸಕ್ಕ ಹೋದರು. ಹಾಡಬ್ಯಾಡ ಅಂದರು ಡಾಕ್ಟರು. ವರ್ಷಗಟ್ಟಲೆ ಹಾಸಿಗಿ ಬಿಡಲಿಲ್ಲ, ಕಡೀಕ ಸ್ಟ್ರೆಪ್ಟೊಮೈಸಿನ್ ಔಷಧದಿಂದ ಜೀವ ಉಳೀತು. ಬಾಯಿ ಮುಚ್ಚಿತ್ತು, ಕಿವಿ ತೆರೆದಿತ್ತು. ಓಣ್ಯಾಗ ಹೆಣ್ಣುಮಕ್ಕಳು ಹಾಡೋ ಮಾಳವಿ ಪದ, ಜೋಗಿಗಳ ನಿರ್ಗುಣ ಭಜನಿ, ಎಲ್ಲಾ ಒಳಗ ಇಳೀತು. 1953ರ ಸುಮಾರಿಗೆ ಮತ್ತ ಹಾಡಲಿಕ್ಕ ಕುಂತಾಗ ಒಂದು ಪುಪ್ಪುಸ ಸೋತಿತ್ತು. ಉದ್ದ ಎಳೀಲಿಕ್ಕ ಉಸಿರು ಎಲ್ಲಿಂದ ತರಬೇಕು? ಸಣ್ಣ ಸಣ್ಣ ತಾನ, ನಡುವ ಬಿಡುವು, ಒಮ್ಮಿಂದೊಮ್ಮೆಲೆ ಚಿಮ್ಮೋ ಸ್ವರ. ಅದೇ ಅವರ ಗಾಯಕಿ ಆಯ್ತು. ಜನಪದ ಧುನ್‌ನಿಂದ ಹೊಸಾ ರಾಗಾನೂ ಕಟ್ಟಿದರು. ಸಂಪ್ರದಾಯದ ಮಂದಿ ಮೂಗು ಮುರದರು, ಮುರೀಲಿ ಬಿಡು.

ನಿನಗ ಯಾವ ರೋಗಾನೂ ಬಂದಿಲ್ಲ, ದೇವರ ದಯಾ. ಆದರ ವಯಸ್ಸಾಗ್ಯಾದ. ಮೊದಲು ಪೇಟಿಯ ಬಿಳಿ ನಾಕರಾಗ ಹಾಡ್ತಿದ್ದಿ, ಈಗ ಕರಿ ಎರಡಕ್ಕ ಇಳಿದರ ನಾಚಬ್ಯಾಡ, ಪೇಟಿಯವನಿಗೆ ನೀನೇ ಮೊದಲು ಹೇಳು. ಸ್ಟುಡಿಯೋದಾಗ ಕುಂತ ಹುಡುಗರು ಎರಡು ಸಾಲಿನ ನಡುವಿನ ಉಸಿರು ಕೊಯ್ದು ತೆಗೀತಾರ, ಸ್ವರಾನೂ ಯಂತ್ರದಾಗ ಹಾಕಿ ನೆಟ್ಟಗ ಮಾಡ್ತಾರ. ಮಾಡಲಿಕ್ಕ ಕೊಡಬ್ಯಾಡ. ನೀ ಎಲ್ಲಿ ಉಸಿರು ತಗೊಂಡಿ ಅನ್ನೋದು ಕೇಳಬೇಕು. ಮತ್ತ ನಿನ್ನ ಆ ಹಳೇ ಲಗ್ನದ ಹಾಡು, ಆಗ ಎಲ್ಲಾ ಮೆರವಣಿಗಿಯೊಳಗ ಬಡದದ್ದು, ಅದಕ್ಕ ಹೊಸಾ ಬೀಟ್ ಹಚ್ಚಿ ತಿರುಗಿ ಬಿಡಬ್ಯಾಡ. ಮಂದಿ ನೆನಪಿಟ್ಟಾರೋ ಇಲ್ಲೋ ಅಂತ ನೋಡೋ ಆಸೆ ಅದು.

ಕಟ್ಟಿದ ಪದ ಮೊದಲು ನಿಲಂಗಾ ಕಡೆ ನಿನ್ನ ಅತ್ತಿ ಊರ ಭಜನ್ಯಾಗ ಹಾಡು. ಪೇಟಿ, ತಾಳ, ದಮ್ಮಡಿ ಸಾಕು; ಕ್ಯಾಮೆರಾ ಬ್ಯಾಡ. ಮುದುಕೇರು ಎರಡನೇ ಸಲಕ್ಕ ಪಲ್ಲವಿ ಎತ್ತಿಕೊಂಡರ ಪದ ನಿಂತದ ಅಂತ ತಿಳಿ. ಎತ್ತಲಿಲ್ಲಂದ್ರ ಮತ್ತ ಕಟ್ಟು. ಅವರ ಬಾಯಿಂದ ಧಾಟಿ ತಗೊಂಡಿದ್ದರ ಅವರ ಹೆಸರು ಹಾಕು, ರೊಕ್ಕಾನೂ ಕೊಡು. ‘ಸಾಂಪ್ರದಾಯಿಕ’ ಅಂತ ಬರೆದು ಕೈ ತೊಳಕೋಬ್ಯಾಡ.

ಭಾಷಾದ ಚಿಂತಿ ಬಿಡು. ಉಮರ್ಗಾದಿಂದ ಹೈದರಾಬಾದ ಹಾದಿ ಹಿಡಿದರ ಹುಮನಾಬಾದ ಬರ್ತದ. ಅಲ್ಲಿ ಮಾಣಿಕನಗರದ ಸಂತ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದೂಸ್ತಾನಿ ಎಲ್ಲಾದರಾಗೂ ಪದ ಮಾಡ್ಯಾರ. ನಮ್ಮ ಬಜಾರದಾಗ ಮರಾಠಿ, ಮನ್ಯಾಗ ಕನ್ನಡ, ಎರಡೂ ಹಾಡಿನ್ಯಾಗ ಬಂದರ ಬರಲಿ. ಒಂದು ಮಾತ್ರ ಮರೀಬ್ಯಾಡ: ನಮ್ಮ ಹುಡುಗರು ಮರಾಠಿ ಸಾಲ್ಯಾಗ ಕಲಿಯೋರು, ಕನ್ನಡ ಮಾತಾಡ್ತಾರ, ಓದಲಿಕ್ಕ ಬರಂಗಿಲ್ಲ. ವಿಡಿಯೋದ ಕೆಳಗ ಪದದ ಸಾಲು ಕನ್ನಡ ಅಕ್ಷರದಾಗೂ ಹಾಕು, ದೇವನಾಗರ್ಯಾಗೂ ಹಾಕು. ಅಕ್ಷರ ಸ್ವಲ್ಪ ದೊಡ್ಡದಿರಲಿ, ನನಗೂ ಕಾಣಬೇಕಲ್ಲ.